ಬೈಕಿಗೆ ಟೈರ್ ಆರಿಸುವುದು ಹೇಗೆ: ಮಳೆಯಲ್ಲಿ ಹಿಡಿತ, ತಿರುವಿನಲ್ಲಿ ಹದ, ಬಾಳಿಕೆ

ಓಡುವ ಬೈಕ್ ನೆಲಕ್ಕೆ ತಾಗುವುದು ಎರಡೇ ಕಡೆ. ಒಂದೊಂದು ಕಡೆಯೂ ಹೆಚ್ಚೆಂದರೆ ಅಂಗೈ ಅಗಲ. ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರಲಿ, ಅಷ್ಟಗಲದ ರಬ್ಬರ್ ಹಿಡಿದುಕೊಂಡಷ್ಟೇ ಗಾಡಿ ನಿಲ್ಲುತ್ತದೆ. ಆದರೂ ಟೈರ್ ಬದಲಿಸುವಾಗ ಬಹಳ ಮಂದಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಸಾವಿರ ಕಿಲೋಮೀಟರ್ ಬರುತ್ತದೆ? ಇದಕ್ಕಿಂತ ದಪ್ಪದ್ದು ಕೂರುತ್ತದಾ? ಎರಡನ್ನೂ ಆಮೇಲೆ ಕೇಳಿದರಾಯಿತು.

ತಿರುವಿನಲ್ಲಿ ಹದ, ಒದ್ದೆ ರಸ್ತೆಯಲ್ಲಿ ಹಿಡಿತ, ಬಾಳಿಕೆ ಈ ಮೂರೂ ಒಂದೇ ಟೈರಿನಲ್ಲಿ ಪೂರ್ತಿ ಸಿಗುವುದಿಲ್ಲ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಒದ್ದೆ ಹಿಡಿತಕ್ಕೇ ಮೊದಲ ಮಣೆ ಹಾಕಬೇಕು ಅನ್ನುವುದು ಈ ಬರಹದ ನಿಲುವು. ಒಣ ರಸ್ತೆಯಲ್ಲಿ ದಿನನಿತ್ಯದ ಓಡಾಟಕ್ಕೆ ಬೇಕಾದ ಹಿಡಿತವನ್ನು ಸುಸ್ಥಿತಿಯಲ್ಲಿರುವ ಯಾವ ಟೈರಾದರೂ ಕೊಡುತ್ತದೆ. ಟೈರ್‌ಗಳ ನಡುವಿನ ನಿಜವಾದ ವ್ಯತ್ಯಾಸ ಗೊತ್ತಾಗುವುದು ಮಳೆಯಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ.

ಹಳೆಯ ಟೈರ್ ಏನು ಹೇಳುತ್ತದೆ

ಅಂಗಡಿಗೆ ಹೋಗುವ ಮೊದಲು ಹಳೆಯ ಟೈರನ್ನು ಬಿಸಿಲಿನಲ್ಲಿ ಕೂತು ನೋಡಿ. ನಿಮ್ಮ ಓಡಾಟದ ಲೆಕ್ಕವೆಲ್ಲ ಅದರ ಮೇಲೇ ಇರುತ್ತದೆ.

ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿ, ಅಂಚಿನಲ್ಲಿ ಹೊಸದರಂತೆಯೇ ಇದ್ದರೆ ನೀವು ಹೆಚ್ಚಾಗಿ ನೇರ ರಸ್ತೆಯಲ್ಲಿ ಓಡಿಸುವವರು, ಅಥವಾ ಗಾಳಿ ಹೆಚ್ಚು ಹಾಕಿಸುವವರು. ಇಂಥವರಿಗೆ ನಡುವೆ ಗಟ್ಟಿ ರಬ್ಬರ್, ಬದಿಗಳಲ್ಲಿ ಮೆದು ರಬ್ಬರ್ ಇರುವ ಡ್ಯುಯಲ್ ಕಾಂಪೌಂಡ್ ಟೈರ್ ಸರಿಹೊಂದುತ್ತದೆ. ನಡುವಿಗಿಂತ ಎರಡೂ ಬದಿ ಹೆಚ್ಚು ಸವೆದಿದ್ದರೆ, ಸತತ ತಿರುವಿನ ದಾರಿಯಲ್ಲಿ ಓಡಿಸುವವರಲ್ಲದಿದ್ದರೆ, ಗಾಳಿ ಕಡಿಮೆ ಇತ್ತೆಂದೇ ಅರ್ಥ.

ಮುಂದಿನ ಟೈರಿನ ಮೇಲೆ ಕೈಯಾಡಿಸಿದಾಗ ಒಂದು ದಿಕ್ಕಿಗೆ ನುಣುಪಾಗಿ, ಎದುರು ದಿಕ್ಕಿಗೆ ಗರಗಸದಂತೆ ತಾಕಿದರೆ, ಅಥವಾ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ, ಅದು ಬ್ರೇಕಿನ ಒತ್ತಡ, ಕಡಿಮೆ ಗಾಳಿ, ಸೋತ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಸಸ್ಪೆನ್ಷನ್) ಅಥವಾ ಬ್ಯಾಲೆನ್ಸ್ ಇಲ್ಲದ ಚಕ್ರದ ಕೆಲಸ. ಸ್ವಲ್ಪ ಮಟ್ಟಿಗೆ ಎಲ್ಲ ಟೈರಿನಲ್ಲೂ ಹೀಗಾಗುತ್ತದೆ. ಹೆಚ್ಚಾಗಿದ್ದರೆ ಫೋರ್ಕ್ ಆಯಿಲ್, ಸ್ಟೀರಿಂಗ್ ಬೇರಿಂಗ್, ವೀಲ್ ಬೇರಿಂಗ್ ಮೊದಲು ನೋಡಿಸಿ. ಆ ದೋಷ ಹಾಗೇ ಬಿಟ್ಟು ಹೊಸ ಟೈರ್ ಹಾಕಿದರೆ ಅದೂ ಇದೇ ಗತಿ ಕಾಣುತ್ತದೆ.

ನೆಲಕ್ಕೆ ತಾಗುವ ಬೆನ್ನಿನ ಮೇಲೆ ಕೊರೆದಿರುವ ತೋಡಿನ ಆಳ ಅಳೆಯಲು ಚಿಕ್ಕ ಡೆಪ್ತ್ ಗೇಜ್ ಸಾಕು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಮೇಲೆ ಸಣ್ಣ ತ್ರಿಕೋನ ಅಥವಾ ಸವೆತದ ಗುರುತು ಎಲ್ಲಿದೆ ಎಂದು ಹೇಳುವ ಟಿಡಬ್ಲ್ಯೂಐ ಎಂಬ ಅಕ್ಷರಗಳಿರುತ್ತವೆ. ಅದರ ನೇರಕ್ಕೆ ತೋಡಿನ ತಳದಲ್ಲಿ ಒಂದು ಚಿಕ್ಕ ಉಬ್ಬು ಇದೆ. ಹೆಚ್ಚಿನ ಬೈಕ್ ಟೈರ್‌ಗಳಲ್ಲಿ ಅದರ ಎತ್ತರ 0.8 ಮಿಲಿಮೀಟರ್. ಸುತ್ತಲಿನ ರಬ್ಬರ್ ಸವೆದು ಆ ಉಬ್ಬಿಗೆ ಸಮವಾದರೆ ಟೈರಿನ ಕಥೆ ಮುಗಿದಂತೆ. ಆದರೆ ಅಲ್ಲಿಯವರೆಗೆ ಕಾಯಬೇಡಿ. ನೀರು ಹೊರಹೋಗುವ ಜಾಗ ಕಡಿಮೆಯಾದಂತೆ ಮಳೆಯ ಹಿಡಿತ ಅದಕ್ಕೂ ಮೊದಲೇ ಕುಸಿಯುತ್ತದೆ. ಸವೆದ ಟೈರಿಗೆ ಮೊಳೆ ಚುಚ್ಚುವುದೂ ಸುಲಭ. ಮಳೆಗಾಲ ಎದುರಿಗಿದ್ದಾಗ ಆಳ 2 ಮಿಲಿಮೀಟರ್‌ಗೆ ಇಳಿದಿದ್ದರೆ ಬದಲಿಸುವುದೇ ಲೇಸು.

ಸೈಡ್‌ವಾಲ್ ಮೇಲಿನ ಬರಹ

140/70-17 66ಎಚ್ ಎಂದಿದೆ ಅಂದುಕೊಳ್ಳಿ. 140 ಎಂದರೆ ಮಿಲಿಮೀಟರ್ ಲೆಕ್ಕದಲ್ಲಿ ಅಗಲ. 70 ಎಂದರೆ ಸೈಡ್‌ವಾಲ್ ಎತ್ತರ ಆ ಅಗಲದ ಶೇಕಡಾ 70, ಅಂದರೆ 98 ಮಿಲಿಮೀಟರ್. 17 ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಡುವಿನ ಅಡ್ಡಗೆರೆ ಬಯಾಸ್ ಟೈರಿನ ಗುರುತು. ಆ ಜಾಗದಲ್ಲಿ ಆರ್ ಅಕ್ಷರ ಇದ್ದರೆ ರೇಡಿಯಲ್. ಇವು ಒಳಗಿನ ನೂಲು ಹೆಣೆದ ಎರಡು ರೀತಿ, ವಿವರ ಮುಂದಿದೆ.

66 ಎಂಬುದು ಭಾರದ ಸೂಚ್ಯಂಕ, 300 ಕಿಲೋ ಹೊರಬಲ್ಲದು ಎಂದರ್ಥ. 54 ಇದ್ದರೆ 212 ಕಿಲೋ, 58 ಇದ್ದರೆ 236, 63 ಇದ್ದರೆ 272, 73 ಇದ್ದರೆ 365. ಕೊನೆಯ ಅಕ್ಷರ ವೇಗದ ಮಿತಿ: ಪಿ ಎಂದರೆ ಗಂಟೆಗೆ 150 ಕಿಲೋಮೀಟರ್, ಎಸ್ 180, ಎಚ್ 210, ವಿ 240, ಡಬ್ಲ್ಯೂ 270. ನಾನು ಅಷ್ಟು ವೇಗ ಹೋಗುವುದೇ ಇಲ್ಲವಲ್ಲ ಎಂದು ಕಡಿಮೆ ಅಕ್ಷರದ್ದನ್ನು ಕೊಳ್ಳಬೇಡಿ. ಆ ಅಕ್ಷರ ವೇಗದ ಜೊತೆಗೆ ಟೈರ್ ಬಿಸಿಯನ್ನು ಎಷ್ಟು ತಾಳಬಲ್ಲದು ಎಂಬುದನ್ನೂ ಹೇಳುತ್ತದೆ. ಇಬ್ಬರು ಕೂತು, ಸಾಮಾನು ಹೇರಿ, ಬಿಸಿಲಲ್ಲಿ ಗಂಟೆಗಟ್ಟಲೆ ಓಡಿಸಿದಾಗ ಆ ಅಂಚು ಬೇಕಾಗುತ್ತದೆ. ಭಾರ, ವೇಗ ಎರಡರಲ್ಲೂ ಗಾಡಿಯ ಕಂಪನಿ ಹೇಳಿದ್ದಕ್ಕೆ ಸಮ ಅಥವಾ ಹೆಚ್ಚು ಇರಲಿ, ಕಡಿಮೆ ಮಾತ್ರ ಬೇಡ.

ಟ್ಯೂಬ್‌ಲೆಸ್ ಆದರೆ ಟಿಎಲ್, ಟ್ಯೂಬ್ ಬೇಕಾದರೆ ಟಿಟಿ ಎಂದು ಬರೆದಿರುತ್ತದೆ. ಕಡ್ಡಿ ಚಕ್ರಗಳಲ್ಲಿ ಸಾಮಾನ್ಯವಾಗಿ ಪ್ರತಿ ಕಡ್ಡಿಯ ತಲೆ ರಿಮ್ಮಿನ ಒಳಕ್ಕೆ ಬರುವುದರಿಂದ ಗಾಳಿ ನಿಲ್ಲುವುದಿಲ್ಲ, ಹಾಗಾಗಿ ಟ್ಯೂಬ್ ಬೇಕೇ ಬೇಕು. ಅಲಾಯ್ ಚಕ್ರ ಇದ್ದು ಅದರ ಮೇಲೆ ಟ್ಯೂಬ್‌ಲೆಸ್ ಎಂದು ಬರೆದಿದ್ದರೆ ಟ್ಯೂಬ್‌ಲೆಸ್ ಹಾಕಿಸುವುದೇ ಒಳ್ಳೆಯದು. ಮೊಳೆ ಚುಚ್ಚಿದರೂ ಗಾಳಿ ನಿಧಾನಕ್ಕೆ ಇಳಿದು ಗಾಡಿ ನಿಲ್ಲಿಸಲು ಸಮಯ ಸಿಗುತ್ತದೆ. ಟ್ಯೂಬ್ ಒಡೆದರೆ ಆ ಸಮಯ ಇರುವುದಿಲ್ಲ.

ಅಗಲದ ಮೋಹ

ದಪ್ಪ ಟೈರ್ ಹಾಕಿದರೆ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಹೆಚ್ಚಿನ ಸಲ ಆಗುವುದು ತದ್ವಿರುದ್ಧ.

ಪ್ರತಿ ಟೈರಿಗೂ ಇಂತಿಷ್ಟು ಅಗಲದ ರಿಮ್ ಎಂದು ಲೆಕ್ಕವಿದೆ. 140/70ಕ್ಕೆ 4 ಇಂಚಿನ ರಿಮ್ ಹದವಾದದ್ದು, 180/55ಕ್ಕೆ ಐದೂವರೆ ಇಂಚಿನದು. ಕಿರಿದಾದ ರಿಮ್ಮಿಗೆ ಅಗಲದ ಟೈರ್ ಕೂರಿಸಿದರೆ ಎರಡೂ ಬೀಡ್ (ರಿಮ್ಮಿನೊಳಗೆ ಕೂರುವ ಟೈರಿನ ಅಂಚು) ಒತ್ತಿಕೊಂಡು ಟೈರಿನ ಬೆನ್ನು ಮೇಲಕ್ಕೆ ಉಬ್ಬುತ್ತದೆ. ಕಂಪನಿ ವಿನ್ಯಾಸ ಮಾಡಿದ ದುಂಡಗಿನ ಆಕಾರ ಹೋಗಿ ಕಡಿದಾದ ಆಕಾರ ಬರುತ್ತದೆ. ನೇರ ಹೋಗುವಾಗ ನೆಲಕ್ಕೆ ತಾಗುವ ಭಾಗ ಇನ್ನೂ ಕಿರಿದಾಗುತ್ತದೆ, ವಾಲಿಸಿದಾಗ ಸೈಡ್‌ವಾಲ್ ಓಲಾಡುತ್ತದೆ. ಜೊತೆಗೆ ಭಾರ ಹೆಚ್ಚು. ಅದೇ ತಿರುವನ್ನು ಅದೇ ವೇಗದಲ್ಲಿ ದಾಟಲು ಬೈಕನ್ನು ಹೆಚ್ಚು ವಾಲಿಸಬೇಕಾಗುತ್ತದೆ. ಚೈನ್ ಅಥವಾ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ಗೆ ಉಜ್ಜುವ ಅಪಾಯ ಬೇರೆ.

ಎತ್ತರದ ಲೆಕ್ಕವನ್ನಂತೂ ಕಾಗದದ ಮೇಲೆ ಮಾಡಲೇಬೇಕು. 140/70-17ರ ಒಟ್ಟು ವ್ಯಾಸ 431.8 ಕೂಡಿಸು 98ರ ಎರಡರಷ್ಟು, ಅಂದರೆ ಸುಮಾರು 628 ಮಿಲಿಮೀಟರ್. ಅದರ ಜಾಗಕ್ಕೆ 150/60-17 ಹಾಕಿದರೆ ವ್ಯಾಸ ಸುಮಾರು 612. ಟೈರ್ ಅಗಲವಾಯಿತು, ಆದರೆ ವ್ಯಾಸ ಶೇಕಡಾ 2.5ರಷ್ಟು ಕುಗ್ಗಿತು. ಗಾಡಿಯ ಹಿಂಭಾಗ 8 ಮಿಲಿಮೀಟರ್ ಕೆಳಗಿಳಿಯುತ್ತದೆ. ಫೋರ್ಕಿನ ಕೋನ ಸಡಿಲವಾಗಿ ಬೈಕ್ ತಿರುವಿಗೆ ಬೀಳಲು ಹಿಂಜರಿಯುತ್ತದೆ. ಅಷ್ಟೇ ದೂರಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು. ಹಿಂದಿನ ಚಕ್ರ ಅಥವಾ ಗೇರ್‌ಬಾಕ್ಸಿನಿಂದ ವೇಗ ತಿಳಿಯುವ ಮೀಟರ್ ಆದರೆ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಎರಡು ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುವ ಎಬಿಎಸ್, ಹಿಂದಿನ ಚಕ್ರ ಜಾರಿ ಗಿರಕಿ ಹೊಡೆಯದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಲೆಕ್ಕವೂ ಏರುಪೇರಾಗುತ್ತದೆ. ಗಾಡಿಯ ಜೊತೆ ಬಂದ ಅಳತೆಯೇ ಶ್ರೇಷ್ಠ. ಬೇರೆ ಬೇಕೆಂದರೆ ಕಂಪನಿಯ ಕೈಪಿಡಿಯಲ್ಲಿ ಪರ್ಯಾಯ ಎಂದು ಕೊಟ್ಟಿರುವುದಷ್ಟೇ.

ಬಯಾಸೋ ರೇಡಿಯಲ್ಲೋ

ಬಯಾಸ್ ಟೈರಿನ ಒಳಗಿನ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ದಾಟುತ್ತವೆ. ಸೈಡ್‌ವಾಲ್ ಗಟ್ಟಿ. ಭಾರ ಹೊರುತ್ತದೆ, ಗುಂಡಿಯ ಏಟು ತಾಳುತ್ತದೆ, ಬೆಲೆಯೂ ಕಡಿಮೆ. ಆದರೆ ಪದರಗಳು ಒಂದಕ್ಕೊಂದು ಉಜ್ಜಿ ವೇಗದಲ್ಲಿ ಬೇಗ ಬಿಸಿಯಾಗುತ್ತದೆ. ರೇಡಿಯಲ್‌ನಲ್ಲಿ ನೂಲು ಒಂದು ಬೀಡ್‌ನಿಂದ ಇನ್ನೊಂದಕ್ಕೆ ನೇರ ಅಡ್ಡಲಾಗಿ ಹೋಗಿ, ಮೇಲೆ ಬಿಗಿಯಾದ ಬೆಲ್ಟ್ ಸುತ್ತಿರುತ್ತದೆ. ಸೈಡ್‌ವಾಲ್ ಬಾಗುತ್ತದೆ, ಬೆನ್ನು ಆಕಾರ ಬಿಡುವುದಿಲ್ಲ. ತಣ್ಣಗಿರುತ್ತದೆ, ಹೆಚ್ಚು ವೇಗಕ್ಕೆ ಒಗ್ಗುತ್ತದೆ, ರಸ್ತೆಯ ಸುದ್ದಿಯನ್ನು ಹ್ಯಾಂಡಲ್‌ಗೆ ಸ್ಪಷ್ಟವಾಗಿ ಮುಟ್ಟಿಸುತ್ತದೆ.

ಚಿಕ್ಕ ಎಂಜಿನ್ನಿನ, ಕಿರಿದಾದ ಟೈರಿನ ಗಾಡಿಗಳಿಗೆ ಬಯಾಸ್ ಸಾಕು, ರೇಡಿಯಲ್ ಹುಡುಕಿ ಅಲೆಯಬೇಕಿಲ್ಲ. ಮುಂದೆ ರೇಡಿಯಲ್, ಹಿಂದೆ ಬಯಾಸ್ ಎಂಬ ಬೆರಕೆ ಮಾತ್ರ ಬೇಡ. ಮುಂದೆ ಬಯಾಸ್, ಹಿಂದೆ ರೇಡಿಯಲ್ ಹಾಕಿಯೇ ಕಂಪನಿಯಿಂದ ಬರುವ ಬೈಕ್‌ಗಳಿವೆ, ಅವಕ್ಕೆ ಹಾಗೇ ಮುಂದುವರಿಸಿ. ಉಳಿದಂತೆ ಎರಡೂ ಕಡೆ ಒಂದೇ ಕಂಪನಿಯ ಒಂದೇ ಮಾದರಿಯ ಜೋಡಿ ಇದ್ದರೆ ಹದ ಕೂಡುತ್ತದೆ. ಒಂದಕ್ಕೊಂದು ಹೊಂದುವಂತೆ ಅವರೇ ಓಡಿಸಿ ನೋಡಿರುತ್ತಾರೆ.

ಮಳೆಯಲ್ಲಿ ಕೈ ಹಿಡಿಯುವುದು ಯಾವುದು

ತೋಡು ಜಾಸ್ತಿ ಇದ್ದಷ್ಟೂ ಮಳೆಗೆ ಒಳ್ಳೆಯದು ಎಂಬುದು ಅರ್ಧ ಸತ್ಯ. ತೋಡಿನ ಕೆಲಸ ನೀರನ್ನು ಪಕ್ಕಕ್ಕೆ ತಳ್ಳಿ ರಬ್ಬರ್ ನೆಲ ಮುಟ್ಟುವಂತೆ ಮಾಡುವುದು. ಮುಟ್ಟಿದ ಮೇಲೆ ಹಿಡಿದುಕೊಳ್ಳಬೇಕಾದದ್ದು ರಬ್ಬರ್. ಬೈಕ್ ಟೈರ್ ಕಿರಿದಾಗಿ, ದುಂಡಗೆ ಇರುವುದರಿಂದ ನೀರನ್ನು ಸೀಳಿಕೊಂಡು ಹೋಗುತ್ತದೆ. ಹಾಗಾಗಿ ಬೈಕ್ ನೀರಿನ ಮೇಲೆ ತೇಲುವುದು ಕಾರಿನಷ್ಟು ಸುಲಭವಲ್ಲ. ಬೈಕ್ ಬೀಳುವ ಹೆಚ್ಚಿನ ಸಂದರ್ಭಗಳಲ್ಲಿ ರಸ್ತೆಯ ಮೇಲಿರುವುದು ತೆಳುವಾದ ತೇವ, ಮತ್ತು ಅದನ್ನು ಹಿಡಿಯಲಾರದ ಗಟ್ಟಿ ರಬ್ಬರ್.

ಆದ್ದರಿಂದ ಕೇಳಬೇಕಾದ ಮೊದಲ ಮಾತು ರಬ್ಬರಿನಲ್ಲಿ ಸಿಲಿಕಾ ಇದೆಯೇ ಎಂಬುದು. ಸಿಲಿಕಾ, ಕಾರ್ಬನ್ ಬ್ಲ್ಯಾಕ್ ಎರಡೂ ರಬ್ಬರಿಗೆ ಬೆರೆಸುವ ಪುಡಿಗಳು. ಕಾರ್ಬನ್ ಬ್ಲ್ಯಾಕ್ ಮಾತ್ರ ಇರುವ ರಬ್ಬರ್ ಗಟ್ಟಿ, ಸವೆತ ನಿಧಾನ, ಆದರೆ ತಣ್ಣಗಿನ ಒದ್ದೆ ರಸ್ತೆಯಲ್ಲಿ ಇನ್ನೂ ಗಡುಸಾಗಿಬಿಡುತ್ತದೆ. ಸಿಲಿಕಾ ಬೆರೆತ ರಬ್ಬರ್ ಕಡಿಮೆ ಬಿಸಿಯಲ್ಲೂ ಮೆತ್ತಗಿದ್ದು, ಡಾಂಬರಿನ ಸಣ್ಣ ಸಣ್ಣ ಒರಟಿನೊಳಗೆ ಇಳಿದು ಹಿಡಿಯುತ್ತದೆ. ಉರುಳುವಾಗ ವ್ಯರ್ಥವಾಗುವ ಶಕ್ತಿಯೂ ಕಡಿಮೆ, ಅಂದರೆ ಪೆಟ್ರೋಲ್ ಮೈಲೇಜಿಗೂ ಒಳ್ಳೆಯದು. ಮಾರುಕಟ್ಟೆಯ ವಿವರಪಟ್ಟಿಯಲ್ಲಿ ಕಂಪನಿಗಳು ಇದನ್ನು ಸಾಮಾನ್ಯವಾಗಿ ಬರೆದೇ ಇರುತ್ತವೆ.

ತೋಡು ನೋಡುವಾಗ ಬೆನ್ನಿನ ನಡುವಿನಿಂದ ಬದಿಗೆ ಹರಿಯುವ ದಾರಿ ಇದೆಯೇ ಎಂದು ಬೆರಳಿಟ್ಟು ನೋಡಿ. ಅಲ್ಲಲ್ಲೇ ಮುಚ್ಚಿಕೊಂಡ ಚಿಕ್ಕ ಚಿಕ್ಕ ಗುಳಿಗಳು ನೀರನ್ನು ಹಿಡಿದಿಡುತ್ತವೆಯೇ ಹೊರತು ಹೊರಗೆ ಕಳಿಸುವುದಿಲ್ಲ. ಬೆನ್ನ ಮೇಲೆ ಬಿಡಿಬಿಡಿಯಾಗಿ ರಬ್ಬರ್ ಗಟ್ಟೆಗಳು ಎದ್ದಿರುವ ಬಟನ್ ಟೈರ್ ಕೆಸರಿಗೆ ಚೆನ್ನ. ಒದ್ದೆ ಡಾಂಬರಿನ ಮೇಲೆ ಅದರ ಗಟ್ಟೆಗಳ ನಡುವೆ ಬರೀ ಖಾಲಿ ಜಾಗ, ನೆಲ ಮುಟ್ಟುವ ರಬ್ಬರ್ ಕಡಿಮೆ, ಬ್ರೇಕ್ ಹಿಡಿದರೆ ಗಟ್ಟೆಗಳೇ ಬಾಗುತ್ತವೆ. ಮಣ್ಣಿನ ದಾರಿ ಅಪರೂಪವಾದರೆ ನೋಟಕ್ಕಾಗಿ ಅದನ್ನು ಹಾಕಿಸಬೇಡಿ. ರೇಸ್ ಟ್ರ್ಯಾಕಿಗೆಂದು ಮಾಡಿದ ತೀರಾ ಮೆದು ಟೈರೂ ಮಳೆಯಲ್ಲಿ ನಂಬಲರ್ಹವಲ್ಲ. ಅದು ಬಿಸಿಯೇರಿದರೆ ಮಾತ್ರ ಹಿಡಿಯುತ್ತದೆ, ಮಳೆಯಲ್ಲಿ ಬಿಸಿಯೇರುವುದೇ ಇಲ್ಲ.

ರಸ್ತೆಗೆ ಬಳಿದ ಬಣ್ಣದ ಪಟ್ಟೆ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ, ಬಹುದಿನದ ಬಿಸಿಲಿನ ನಂತರದ ಮೊದಲ ಮಳೆಗೆ ಮೇಲೇಳುವ ಎಣ್ಣೆ ಇವುಗಳ ಮೇಲೆ ಯಾವ ಟೈರೂ ಹೆಚ್ಚು ಸಹಾಯ ಮಾಡಲಾರದು.

ತಿರುವಿನ ಹದ

ಟೈರಿನ ಅಡ್ಡಸೀಳು ಆಕಾರವೇ ಇಲ್ಲಿ ಮುಖ್ಯ. ನಡುವೆ ಎತ್ತರವಾಗಿ ಬದಿಗೆ ಕಡಿದಾಗಿ ಇಳಿಯುವ ಟೈರ್ ಚುರುಕಾಗಿ ವಾಲುತ್ತದೆ, ನೇರ ದಾರಿಯಲ್ಲಿ ಸ್ವಲ್ಪ ಚಂಚಲ. ಒಂದೇ ಸಮನೆ ದುಂಡಗಿರುವುದು ನಿಧಾನಕ್ಕೆ, ಲೆಕ್ಕಕ್ಕೆ ಸಿಗುವಂತೆ ವಾಲುತ್ತದೆ. ಹೊಸಬರಿಗೂ ದೂರದ ಪ್ರಯಾಣದವರಿಗೂ ಎರಡನೆಯದೇ ಹಿತ.

ಹಿಂದಿನ ಟೈರ್ ನಡುವೆ ಚಪ್ಪಟೆಯಾದ ಮೇಲೆ ಏನಾಗುತ್ತದೆ ಎಂಬುದನ್ನು ಗಮನಿಸಿ. ಬೈಕನ್ನು ವಾಲಿಸಲು ಹೊರಟಾಗ ಮೊದಲು ತಡೆಯುತ್ತದೆ, ಚಪ್ಪಟೆಯ ಅಂಚು ದಾಟಿದ ಕ್ಷಣ ದಿಢೀರನೆ ವಾಲುತ್ತದೆ. ದಿನವೂ ಇಷ್ಟಿಷ್ಟೇ ಬದಲಾಗುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಹೊಸ ಟೈರ್ ಹಾಕಿದ ದಿನ ಬೈಕ್ ಬೇರೆಯದೇ ಎನಿಸುವುದು ಇದಕ್ಕೇ. ತೋಡು ಇನ್ನೂ ಇದ್ದರೂ ಆಕಾರ ಹೋದ ಟೈರನ್ನು ಬದಲಿಸುವುದು ದುಂದುಗಾರಿಕೆ ಅಲ್ಲ.

ಬಾಳಿಕೆ, ಮೈಲೇಜು

ಅದೇ ಟೈರ್ ಒಬ್ಬರ ಕೈಯಲ್ಲಿ ಬಾಳಿದ ಅರ್ಧದಷ್ಟೇ ಇನ್ನೊಬ್ಬರ ಕೈಯಲ್ಲಿ ಬಾಳುತ್ತದೆ. ಗಾಳಿ, ಭಾರ, ರಸ್ತೆಯ ಒರಟುತನ, ಥ್ರಾಟಲ್ ತಿರುಚುವ ರೀತಿ ಎಲ್ಲವೂ ಸೇರಿ ಅದನ್ನು ತೀರ್ಮಾನಿಸುತ್ತವೆ. ಎಂಜಿನ್ನಿನ ಎಳೆತ ಹಿಂದಿನದರ ಮೇಲೆ ಬೀಳುವುದರಿಂದ ಅದು ಮೊದಲು ಸವೆಯುತ್ತದೆ. ಸಾಮಾನ್ಯವಾಗಿ ಮುಂದಿನದೊಂದು ಮುಗಿಯುವಷ್ಟರಲ್ಲಿ ಹಿಂದಿನದು ಎರಡು ಮುಗಿದಿರುತ್ತವೆ. ಗಟ್ಟಿ ರಬ್ಬರ್ ಬೇಕೆಂದರೆ ಹಿಂದಕ್ಕೆ ಸ್ವಲ್ಪ ರಾಜಿ ಮಾಡಿಕೊಳ್ಳಿ, ಮುಂದಕ್ಕೆ ಮಾಡಬೇಡಿ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಲು ಅವಕಾಶ ಇರುತ್ತದೆ, ಮುಂದಿನದು ಜಾರಿದರೆ ಸವಾರ ನೆಲದ ಮೇಲೆ.

ಹಾಕಿಸುವಾಗ

ಸೈಡ್‌ವಾಲ್ ಮೇಲೆ ಡಿಒಟಿ ಎಂದು ಶುರುವಾಗುವ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಬಿಸಿಲಿಲ್ಲದ ಕಡೆ ಸರಿಯಾಗಿ ಇಟ್ಟಿದ್ದ ಒಂದೆರಡು ವರ್ಷದ ಟೈರ್ ಕೊಳ್ಳಬಹುದು, ಅದಕ್ಕೂ ಹಳೆಯದನ್ನು ಬಿಟ್ಟುಬಿಡಿ. ಸೈಡ್‌ವಾಲನ್ನು ಹೆಬ್ಬೆರಳಿನಿಂದ ಒತ್ತಿ ಬಾಗಿಸಿದಾಗ ಕೂದಲೆಳೆಯ ಬಿರುಕು ಕಂಡರೆ ಬೇಡವೇ ಬೇಡ.

ಸೈಡ್‌ವಾಲ್ ಮೇಲಿನ ಬಾಣ ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಮುಂದೆ ಹಿಂದೆ ಎರಡಕ್ಕೂ ಆಗುವ ಕೆಲವು ಟೈರ್‌ಗಳಲ್ಲಿ ಎದುರುಬದುರಾಗಿ ಎರಡು ಬಾಣ ಇರುತ್ತವೆ. ಮುಂದಿನದು ತಾಳುವುದು ಬ್ರೇಕಿನ ಒತ್ತಡ, ಹಿಂದಿನದು ಎಂಜಿನ್ನಿನ ಎಳೆತ, ಎರಡರ ದಿಕ್ಕೂ ಬೇರೆ. ಅದಕ್ಕೇ ಹಾಗೆ.

ಟ್ಯೂಬ್‌ಲೆಸ್ ಆದರೆ ವಾಲ್ವ್ ಕೂಡ ಹೊಸದು ಹಾಕಿಸಿ. ಹಳೆಯ ವಾಲ್ವಿನ ಬುಡ ಬಿರಿದು ಗಾಳಿ ಸೋರುವುದು ಸಾಮಾನ್ಯ. ಟ್ಯೂಬ್ ಇದ್ದರೆ ಹೊಸ ಟೈರಿಗೆ ಹೊಸ ಟ್ಯೂಬ್, ಕಡ್ಡಿಯ ತಲೆ ಟ್ಯೂಬಿಗೆ ಚುಚ್ಚದಂತೆ ರಿಮ್ಮಿಗೆ ಸುತ್ತುವ ಹೊಸ ರಿಮ್ ಟೇಪ್. ಹಿಗ್ಗಿದ ಹಳೆಯ ಟ್ಯೂಬ್ ಮಡಚಿಕೊಂಡು ಆ ಮಡಿಕೆಯಲ್ಲೇ ಒಡೆಯುತ್ತದೆ. ಟೈರ್ ಮೇಲೆ ಬಣ್ಣದ ಚುಕ್ಕೆ ಹಗುರ ಜಾಗದ ಗುರುತಾಗಿದ್ದರೆ ಅದು ವಾಲ್ವಿನ ನೇರಕ್ಕೆ ಬರಲಿ. ಬೀಡ್ ಜಾರಲು ಟೈರಿಗೆಂದೇ ಇರುವ ಪೇಸ್ಟ್ ಅಥವಾ ಸೋಪು ನೀರು ಬಳಸಬೇಕು, ಗ್ರೀಸ್ ಅಥವಾ ಎಂಜಿನ್ ಆಯಿಲ್ ಕೂಡದು. ಎಣ್ಣೆ ರಬ್ಬರನ್ನು ತಿನ್ನುತ್ತದೆ, ಟೈರ್ ರಿಮ್ಮಿನ ಮೇಲೆ ಜಾರುತ್ತದೆ.

ಗಾಳಿ ತುಂಬಿದಾಗ ಬೀಡ್ ಟಪ್ ಎಂದು ಎರಡು ಸಲ ಸದ್ದು ಮಾಡಿ ಕೂರುತ್ತದೆ. ಆಮೇಲೆ ರಿಮ್ಮಿನ ಅಂಚಿಗೆ ಹತ್ತಿರ ಸೈಡ್‌ವಾಲ್ ಮೇಲಿರುವ ತೆಳುವಾದ ಗೆರೆ ನೋಡಿ. ಸುತ್ತಲೂ ರಿಮ್ಮಿನಿಂದ ಒಂದೇ ಅಂತರದಲ್ಲಿರಬೇಕು. ಒಂದು ಕಡೆ ಒಳಗೆ ಹುದುಗಿದ್ದರೆ ಬೀಡ್ ಅಲ್ಲಿ ಕೂತಿಲ್ಲ, ಓಡಿಸುವಾಗ ಗಾಡಿ ಕುಣಿಯುತ್ತದೆ. ಕೂರಲಿಲ್ಲವೆಂದು ಟೈರಿನ ಕಂಪನಿ ಹೇಳಿದ ಮಿತಿ ಮೀರಿ ಗಾಳಿ ತುಂಬಲು ಬಿಡಬೇಡಿ, ಬೀಡ್ ಅಥವಾ ರಿಮ್ ಸಿಡಿಯಬಹುದು. ಗಾಳಿ ತೆಗೆದು, ಮತ್ತೆ ಸೋಪು ನೀರು ಸವರಿ ಪುನಃ ತುಂಬಿಸಬೇಕು.

ಕೊನೆಗೆ ಬ್ಯಾಲೆನ್ಸ್ ಮಾಡಿಸಿ. ಹಿಂದಿನ ಚಕ್ರ ಹಾಕಿದ ಮೇಲೆ ಚೈನಿನ ಸಡಿಲ, ಎರಡೂ ಬದಿಯ ಅಲೈನ್‌ಮೆಂಟ್ ಗುರುತು ಸಮ ಇದೆಯೇ ನೋಡಿ. ಹೊರಡುವ ಮೊದಲು ಬ್ರೇಕ್ ಲಿವರ್ ನಾಲ್ಕೈದು ಸಲ ಒತ್ತಿ. ಚಕ್ರ ಬಿಚ್ಚಿದಾಗ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಪಿಸ್ಟನ್ ಹಿಂದೆ ಸರಿದಿದ್ದರೆ ಮೊದಲ ಒತ್ತಿಗೆ ಬ್ರೇಕೇ ಸಿಗುವುದಿಲ್ಲ.

ಮೊದಲ 150 ಕಿಲೋಮೀಟರ್, ಆಮೇಲೆ ಗಾಳಿ

ಹೊಸ ಟೈರಿನ ಮೇಲ್ಮೈ ಹೊಳೆಯುತ್ತದೆ, ಜಾರುತ್ತದೆ. ಮೊದಲ 100ರಿಂದ 150 ಕಿಲೋಮೀಟರ್ ಜೋರು ಬ್ರೇಕ್, ಜೋರು ಥ್ರಾಟಲ್ ಬೇಡ. ಸ್ವಲ್ಪ ಸ್ವಲ್ಪವೇ ಹೆಚ್ಚು ವಾಲಿಸುತ್ತ ಬನ್ನಿ, ಹೊಳಪು ಹೋದ ಭಾಗ ಎಲ್ಲಿಯವರೆಗೆ ಬಂದಿದೆ ಎಂದು ಟೈರ್ ಮೇಲೇ ಕಾಣುತ್ತದೆ. ಬೇಗ ಹದಕ್ಕೆ ಬರಲೆಂದು ಸ್ಯಾಂಡ್‌ಪೇಪರ್ ತಿಕ್ಕುವುದು, ಹೊಳಪಿಗೆಂದು ಪಾಲಿಶ್ ಹಚ್ಚುವುದು ಎರಡೂ ಬೇಡ. ಪಾಲಿಶ್ ಬೆನ್ನಿಗೆ ತಾಗಿದರೆ ಮೊದಲ ತಿರುವಿಗೇ ಅಪಾಯ.

ಗಾಳಿಯ ಅಳತೆ ಚೈನ್ ಗಾರ್ಡ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರ್‌ನಲ್ಲಿ, ಇಲ್ಲವೇ ಕೈಪಿಡಿಯಲ್ಲಿದೆ. ಸೈಡ್‌ವಾಲ್ ಮೇಲಿರುವುದು ಗರಿಷ್ಠ ಮಿತಿ, ಅಷ್ಟು ಹಾಕಿಸಬೇಡಿ. ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ಅಳೆಯಿರಿ. ಹವೆ 5-6 ಡಿಗ್ರಿ ಸೆಲ್ಸಿಯಸ್ ಏರಿಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ (ಒತ್ತಡದ ಅಳತೆ) ಏರಿಳಿಯುತ್ತದೆ. ತಣ್ಣಗಿದ್ದಾಗ 33 ಇದ್ದದ್ದು ಓಡಿದ ಮೇಲೆ 36ರ ಆಸುಪಾಸು ಬಂದರೆ ಸರಿ. 38 ದಾಟಿದರೆ ಟೈರ್ ಮಿತಿಮೀರಿ ಬಾಗಿ ಬಿಸಿಯಾಗುತ್ತಿದೆ: ಗಾಳಿ ಕಡಿಮೆ, ಇಲ್ಲವೇ ಭಾರ ಹೆಚ್ಚು. ಬಿಸಿ ಟೈರಿನಿಂದ ಗಾಳಿ ಬಿಟ್ಟು 33ಕ್ಕೆ ಇಳಿಸುವುದು ದೊಡ್ಡ ತಪ್ಪು, ತಣಿದಾಗ ಅದು ಇನ್ನೂ ಕೆಳಗಿಳಿಯುತ್ತದೆ. ಮಳೆಗೆಂದು ಗಾಳಿ ಇಳಿಸುವ ಅಭ್ಯಾಸವೂ ತಪ್ಪು, ತೋಡುಗಳು ಮುಚ್ಚಿಕೊಂಡು ನೀರು ಹೊರಹೋಗುವುದು ಕಷ್ಟವಾಗುತ್ತದೆ. ಇಬ್ಬರು ಕೂರುವಾಗ ಸ್ಟಿಕರ್‌ನಲ್ಲಿ ಇಬ್ಬರಿಗೆಂದು ಕೊಟ್ಟಿರುವ ಅಂಕಿಯಷ್ಟು ಹಾಕಿಸಿ. ಪೆಟ್ರೋಲ್ ಮೈಲೇಜು ದಿಢೀರ್ ಕಡಿಮೆಯಾದರೆ ಎಂಜಿನ್ ಬಿಚ್ಚಿಸುವ ಮೊದಲು ಗೇಜ್ ಹಿಡಿದು ಗಾಳಿ ನೋಡಿ.

ಪಂಕ್ಚರ್ ಆದರೆ, ತೂತು ಬೆನ್ನಿನ ಮೇಲಿದ್ದು 6 ಮಿಲಿಮೀಟರ್‌ಗಿಂತ ಚಿಕ್ಕದಿದ್ದರೆ ಮಾತ್ರ ರಿಪೇರಿ. ಹೊರಗಿನಿಂದ ತುರುಕುವ ಹುರಿ ಮನೆ ಮುಟ್ಟಲು ಸಾಕು, ಖಾಯಂ ಪರಿಹಾರಕ್ಕೆ ಟೈರ್ ಬಿಚ್ಚಿ ಒಳಗಿನಿಂದ ಅಣಬೆಯಾಕಾರದ ಪ್ಲಗ್ ಹಾಕಿಸಬೇಕು. ಸೈಡ್‌ವಾಲ್ ತೂತಾದರೆ ಅಥವಾ ಅಲ್ಲಿ ಗುಳ್ಳೆ ಎದ್ದರೆ ರಿಪೇರಿ ಇಲ್ಲ. ಗುಳ್ಳೆ ಎಂದರೆ ಒಳಗಿನ ನೂಲು ಹರಿದಿದೆ. ಗಾಡಿ ಹೆಚ್ಚು ಓಡದೆ ತೋಡು ಹಾಗೇ ಉಳಿದಿದ್ದರೂ ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಿ, ತಯಾರಾಗಿ ಹತ್ತು ವರ್ಷ ತುಂಬಿದ್ದನ್ನು ನೋಡಲು ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ.